‘ಹೋಗ್ಲಿ ಬಿಡ್ರಿ’

ಊರು ಬಿಟ್ಟು ಬಂದ ನಮ್ಮ ಕನ್ನಡದ ಮಂದಿ ದಿನಕ್ಕೆ ಅತಿ ಹೆಚ್ಚು ಸಲ ಆಡುವ ಮಾತು ಯಾವುದೆಂದು ಯಾರಾದರೂ ಎಣಿಸಿ ನೋಡಿದರೆ, ‘ಹೋಗ್ಲಿ ಬಿಡ್ರಿ’ ಎಂಬುದಕ್ಕೇ ಮೊದಲ ಬಹುಮಾನ ಸಿಕ್ಕೀತೆಂದು ನಮ್ಮ ಅಂಬೋಣ. ರಿಕ್ಷಾದವನು ಮೀಟರಿನ ಮೇಲೆ 20 ರೂಪಾಯಿ ಹೆಚ್ಚು ಕೇಳಿದ, ಹೋಗ್ಲಿ ಬಿಡ್ರಿ. ತಂಪು ಪಾನೀಯದ ಬಾಟಲಿಯ ಮೇಲೆ ಅಚ್ಚಾದ ಬೆಲೆ 40, ಅಂಗಡಿಯವನು ‘ಫ್ರಿಜ್ಜಿನಲ್ಲಿ ಇಟ್ಟದ್ದಕ್ಕೆ’ ಎಂದು ಇನ್ನೆರಡು ಸೇರಿಸಿದ, ಹೋಗ್ಲಿ ಬಿಡ್ರಿ. ವಾರಂಟಿ ಮುಗಿಯಲು ಇನ್ನೂ ನಾಲ್ಕು ತಿಂಗಳಿರುವಾಗಲೇ ಮಿಕ್ಸರು ಹೊಗೆ ಬಿಟ್ಟಿತು, ರಿಪೇರಿಯವನು 600 ರೂಪಾಯಿ ಎಣಿಸಿಕೊಂಡ. ಹೋಗ್ಲಿ ಬಿಡ್ರಿ, ಯಾರು ಅಡ್ಡಾಡತಾರ!

ಈ ಮಾತಿನ ಹಿಂದೆ ಔದಾರ್ಯವಿದೆ ಎಂದು ನಮ್ಮವರು ನಂಬಿಕೊಂಡಿದ್ದಾರೆ. ಸ್ವಲ್ಪ ಇರಲೂಬಹುದು. ಆದರೆ ಹೆಚ್ಚಿನ ಪಾಲು ಅಂಜಿಕೆ. ಹತ್ತಿಪ್ಪತ್ತು ವರ್ಷ ಪುಣೆಯಲ್ಲಿ ಕಳೆದರೂ ಸಿಟ್ಟು ಬಂದಾಗ ನಾಲಿಗೆಗೆ ಮರಾಠಿ ಸಲೀಸಾಗಿ ಒದಗುವುದಿಲ್ಲ. ವಾದ ಶುರುವಾಗಿ ಮೂರನೆಯ ವಾಕ್ಯ ಬರುವಷ್ಟರಲ್ಲಿ ಎದುರಿನವನು ‘ತುಮ್ಹೀ ಕುಠಲೇ?’ ಎಂದು ಕೇಳಿಬಿಡುತ್ತಾನೆ. ವಿಜಯಪುರ, ಬಾಗಲಕೋಟೆ ಎಂದು ಉತ್ತರ ಕೊಟ್ಟೆವೋ, ಮಾತು ಬೆಲೆಯನ್ನು ಬಿಟ್ಟು ಊರಿನ ಕಡೆ ತಿರುಗಿತು. ಆಮೇಲೆ ನಮ್ಮ 20 ರೂಪಾಯಿ ನೆನಪಿಗೂ ಬರುವುದಿಲ್ಲ. ‘ಬಾಯಿದ್ದವ ಬರಗಾಲದಾಗೂ ಬದುಕಿದ’ ಎಂದು ಊರಿನಲ್ಲಿ ಮಕ್ಕಳಿಗೆ ಹೇಳಿಕೊಟ್ಟ ಜನ, ಇಲ್ಲಿ ಬಾಯಿಗೆ ತಾವೇ ಬೀಗ ಹಾಕಿ ಕೀಲಿಕೈಯನ್ನು ಅಂಗಡಿಯವನ ಗಲ್ಲೆಯಲ್ಲಿ ಇಟ್ಟು ಬರುತ್ತಾರೆ.

ಹಾಗೆಂದು ನಾವೇನು ಎಲ್ಲಾ ಕಡೆ ಮೂಕರಲ್ಲ. ಮಂಡಯಿಯ ಹೊರಗೆ ಗೋಣಿತಟ್ಟು ಹಾಸಿಕೊಂಡು ಕೂತ ಮುದುಕಿಯ ಎದುರು ಕೊತ್ತಂಬರಿಯ ಸಿವುಡಿಗೆ 15 ಅಲ್ಲ, 10 ಎಂದು ಐದು ನಿಮಿಷ ಚೌಕಾಸಿ ಮಾಡುವವರು ನಾವೇ. ಅದೇ ಸಂಜೆ ಗಾಜಿನ ಬಾಗಿಲಿನ ದೊಡ್ಡ ಅಂಗಡಿಯಲ್ಲಿ ಬಿಲ್ಲಿನ ಮೇಲೆ ಕೈಚೀಲಕ್ಕೆ 12 ರೂಪಾಯಿ ಹಾಕಿದ್ದನ್ನು ನೋಡಿಯೂ ನೋಡದವರಂತೆ ಕಾರ್ಡು ಉಜ್ಜಿ ಹೊರಬರುವವರೂ ನಾವೇ. ಬಾಯಿ ಎಲ್ಲಿ ಬಿಡಬೇಕು, ಎಲ್ಲಿ ಮುಚ್ಚಬೇಕು ಎಂಬ ಲೆಕ್ಕವೇ ನಮ್ಮಲ್ಲಿ ತಿರುವು ಮುರುವಾಗಿದೆ. ಆ ಮುದುಕಿಗೆ ಐದು ರೂಪಾಯಿ ಹೆಚ್ಚು ಹೋದರೆ ಯಾರ ಮನೆಯೂ ಮುಳುಗುವುದಿಲ್ಲ; ದೊಡ್ಡ ಅಂಗಡಿಯ ಆ 12 ರೂಪಾಯಿ ದಿನಕ್ಕೆ ಸಾವಿರ ಗಿರಾಕಿಗಳಿಂದ ಬಂದರೆ ಎಷ್ಟಾಯಿತೆಂದು ಗುಣಿಸಿ ನೋಡಬಹುದು. ಚಂಡೀಗಢದಲ್ಲಿ ಬೂಟು ಕೊಂಡ ಒಬ್ಬ ಗ್ರಾಹಕ ಹೀಗೆ ಕಾಗದದ ಚೀಲಕ್ಕೆ 3 ರೂಪಾಯಿ ಹಾಕಿದ್ದನ್ನು ಬಿಡದೆ ಕೇಳಿದ. 2019ರಲ್ಲಿ ಅಲ್ಲಿಯ ಗ್ರಾಹಕ ವೇದಿಕೆ ಅವನ ಪರವಾಗಿ ತೀರ್ಪು ಕೊಟ್ಟು ಕಂಪನಿಗೆ ದಂಡ ಹಾಕಿತು. ಮೂರೇ ರೂಪಾಯಿ!

ನಾವು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. ಧಾರವಾಡದಲ್ಲಿ ಬಿ.ಎಸ್‌ಸಿ. ಓದುವಾಗ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ತಕ್ಕಡಿಯ ಮುಂದೆ ಉಸಿರು ಬಿಗಿಹಿಡಿದು ಕೂತವರು, ಈಗ ಇಪ್ಪತ್ತು ವರ್ಷದಿಂದ ಕಡತಗಳ ಭಾರ ಹೊರುತ್ತಿದ್ದೇವೆ. ಹೀಗಾಗಿ ಕೌಂಟರಿನ ಎರಡೂ ಬದಿ ನಮಗೆ ಗೊತ್ತು. ಸಂಜೆ ಗಿರಾಕಿಯಾಗಿ ನಿಲ್ಲುವ ನಾವೇ ಬೆಳಿಗ್ಗೆ ಒಳಗೆ ಕೂತವರು. ಒಳಗೆ ಕೂತವರ ಗುಟ್ಟೊಂದನ್ನು ಸಹೋದ್ಯೋಗಿಗಳ ಕ್ಷಮೆ ಕೇಳಿ ಇಲ್ಲಿ ಬಯಲು ಮಾಡುತ್ತೇವೆ: ಬಾಯಲ್ಲಿ ಹೇಳಿದ ತಕರಾರು ಗಾಳಿಗೆ ಹೋಗುತ್ತದೆ, ಕೂಗಾಡಿ ಹೇಳಿದ್ದು ಇನ್ನೂ ಬೇಗ ಹೋಗುತ್ತದೆ. ಆದರೆ ತಾರೀಖು ಹಾಕಿ, ಸಹಿ ಮಾಡಿ, ಆವಕ ಸಂಖ್ಯೆ ಬಿದ್ದ ಒಂದು ಹಾಳೆ ಇದೆಯಲ್ಲ, ಅದು ಮೇಜಿನ ಮೇಲೆ ಇರುವಷ್ಟು ಹೊತ್ತು ಯಾರಿಗೂ ನೆಮ್ಮದಿಯಿಲ್ಲ. ಅದಕ್ಕೆ ಏನಾದರೂ ಒಂದು ಗತಿ ಕಾಣಿಸಲೇಬೇಕು. ಇಷ್ಟು ಸಾಧಾರಣ ಸಂಗತಿ ಹೊರಗಿನವರಿಗೆ ಗೊತ್ತಾಗದೆ ಉಳಿದದ್ದು ಸೋಜಿಗ.

ಇದರ ಉಪಯೋಗ ನಮಗೆ ಮನೆಯಲ್ಲೇ ಆಯಿತು. ಹೋದ ವರ್ಷ ಮಳೆಗಾಲದ ಹೊತ್ತಿಗೆ ನಮ್ಮ ಮನೆಯವರು ಪಂಚಾಂಗದ ಹಾಳೆ ತಿರುವುತ್ತ, ‘ಈ ಸಲದ ಸಿಲಿಂಡರ್ 33 ದಿನಕ್ಕ ಮುಗೀತರಿ. ಅದರ ಹಿಂದಿಂದೂ ಅಷ್ಟ’ ಎಂದರು. ಗ್ಯಾಸು ಹಚ್ಚಿದ ದಿನವನ್ನು ಪಂಚಾಂಗದಲ್ಲಿ ಗುರುತು ಹಾಕಿಡುವುದು ಅವರ ಪದ್ಧತಿ. ಮೊದಲೆಲ್ಲ 40 ದಿನ ಬರುತ್ತಿತ್ತು. ಮನೆಗೆ ನೆಂಟರು ಬಂದಿರಲಿಲ್ಲ, ಹಬ್ಬಹುಣ್ಣಿಮೆ ಇರಲಿಲ್ಲ. ನಳಿಕೆಗೆ ಸೋಪಿನ ನೀರು ಹಚ್ಚಿ ನೋಡಿದರೆ ಒಂದು ಗುಳ್ಳೆಯೂ ಏಳಲಿಲ್ಲ. ಇನ್ನು ಉಳಿದದ್ದು ತೂಕ.

ನಮ್ಮ ಓದುಗರಲ್ಲಿ ಎಷ್ಟು ಜನ ಗಮನಿಸಿದ್ದಾರೋ ಕಾಣೆವು, ಪ್ರತಿ ಸಿಲಿಂಡರಿನ ಹಿಡಿಕೆಯ ಕೆಳಗಿನ ಪಟ್ಟಿಯ ಮೇಲೆ ಖಾಲಿ ಡಬ್ಬಿಯ ತೂಕವನ್ನು ಬರೆದಿರುತ್ತಾರೆ. ಒಂದೊಂದರದ್ದು ಒಂದೊಂದು ಥರ. ಅದಕ್ಕೆ 14.2 ಕಿಲೋ ಗ್ಯಾಸು ಕೂಡಿಸಿದರೆ ಒಟ್ಟು ಎಷ್ಟಿರಬೇಕೆಂದು ತಿಳಿಯುತ್ತದೆ. ಅಲ್ಲೇ ಪಕ್ಕದಲ್ಲಿ ಎ, ಬಿ, ಸಿ, ಡಿ ಎಂಬ ಇಂಗ್ಲಿಷ್ ಅಕ್ಷರಗಳಲ್ಲಿ ಒಂದೂ ಎರಡು ಅಂಕಿಯೂ ಇರುತ್ತವೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲಿನಿಂದ ಜೂನ್, ಹೀಗೆ, ಅಂಕಿ ಇಸವಿಯದು. ಆ ಗಡುವಿನೊಳಗೆ ಡಬ್ಬಿಯನ್ನು ಮತ್ತೆ ಪರೀಕ್ಷೆಗೆ ಒಡ್ಡಬೇಕು. ಗಡುವು ದಾಟಿದ ಸಿಲಿಂಡರನ್ನು ಬೇಡವೆಂದು ವಾಪಸು ಕಳಿಸುವ ಹಕ್ಕು ನಮಗಿದೆ. ತಂದುಕೊಡುವವನ ಬಳಿ ತಕ್ಕಡಿ ಇರಬೇಕು, ಕೇಳಿದರೆ ತೂಗಿ ತೋರಿಸಬೇಕು ಎಂಬುದೂ ನಿಯಮವೇ.

ಮುಂದಿನ ಸಿಲಿಂಡರು ಬಂದಾಗ ತೂಗಿ ತೋರಿಸು ಎಂದೆವು. ತಂದ ಹುಡುಗ ನಮ್ಮ ಇಂಡಿ ತಾಲೂಕಿನ ಕಡೆಯವನು. ಬೆವರೊರೆಸಿಕೊಂಡು, ‘ತಕ್ಕಡಿ ಎಲ್ಲಿ ತರ್ಲಿರಿ ಸರ್? ನಮಗ ಕೊಟ್ಟೇ ಇಲ್ಲ’ ಎಂದ. ಆಗ ನೆನಪಾದದ್ದು ಕೆಳಗಿನ ರದ್ದಿ ಅಂಗಡಿ. ಹಳೆಯ ಪೇಪರು ಕೊಳ್ಳುವ ಆ ಕಾಕಾನ ಹತ್ತಿರ ಒಳ್ಳೆಯ ಎಲೆಕ್ಟ್ರಾನಿಕ್ ತಕ್ಕಡಿ ಇತ್ತು. ಆದರೆ ಬಿ.ಎಸ್‌ಸಿ. ಓದಿದ ಜೀವ ಸುಮ್ಮನಿರುತ್ತದೆಯೆ? ಮೊದಲು ಬರಿಯ ತಕ್ಕಡಿ ಸೊನ್ನೆ ತೋರಿಸುತ್ತದೆಯೋ ನೋಡಿದೆವು. ಆಮೇಲೆ ಮನೆಯಲ್ಲಿದ್ದ 5 ಕಿಲೋದ ಎರಡು ಹಿಟ್ಟಿನ ಚೀಲಗಳನ್ನು ಇಟ್ಟೆವು. ಚೀಲದ ತೂಕವೂ ಸೇರಿ 10ಕ್ಕೆ ತುಸು ಮೇಲೆ ಬಂತು. ತಕ್ಕಡಿ ನಂಬಿಕಸ್ಥ. ಸಿಲಿಂಡರಿನ ಪಟ್ಟಿಯ ಮೇಲೆ 15.9 ಎಂದಿತ್ತು, ಅಂದರೆ ಒಟ್ಟು 30.1 ಇರಬೇಕು. ತಕ್ಕಡಿ 28.6 ಎಂದಿತು. ಒಂದೂವರೆ ಕಿಲೋ ಇಲ್ಲ! ಸೀಲು ಮಾತ್ರ ಕಲ್ಲಿನಂತೆ ಗಟ್ಟಿ.

ಅಲ್ಲಿ ನಿಂತಿದ್ದ ನಾಲ್ಕಾರು ಜನ ಆ ಹುಡುಗನ ಮೇಲೆಯೇ ಮುಗಿಬಿದ್ದರು. ಅವನು ನಮ್ಮ ಮನೆಯವರ ಕಡೆ ತಿರುಗಿ, ‘ಅಕ್ಕಾರ, ಗೋದಾಮಿನ್ಯಾಗ ಹ್ಯಾಂಗ ಕೊಟ್ರೋ ಹಂಗ ತಂದೀನಿ. ಕಂಪ್ಲೇಂಟ್ ಮಾಡಬ್ಯಾಡ್ರಿ, ನನ್ನ ಪಗಾರದಾಗ ಹಿಡೀತಾರ’ ಎಂದ. ಅವನ ಮಾತು ನಿಜವೋ ಸುಳ್ಳೋ ನಮಗೆ ತಿಳಿಯುವಂತಿರಲಿಲ್ಲ. ಆದರೆ ಪಗಾರದ ಮಾತು ನಿಜವಿರಬಹುದು. ಮೂರು ಮಹಡಿ ಹೆಗಲ ಮೇಲೆ ಹೊತ್ತು ತರುವ, ನಮ್ಮದೇ ಮಾತಾಡುವ ಹುಡುಗ. ಮನೆಯವರ ಕಣ್ಣಲ್ಲಿ ನೀರು. ‘ಹೋಗ್ಲಿ ಬಿಡ್ರಿ, ಬಡವನ ಹೊಟ್ಟಿ ಮ್ಯಾಲ ಹೊಡಿಯೂದು ಬ್ಯಾಡ’ ಎಂದರು. ಆ ರಾತ್ರಿ ಮನೆಯಲ್ಲಿ ಇದೇ ಚರ್ಚೆ. ನಮ್ಮ ವಾದ ಇಷ್ಟೇ: ಸುಮ್ಮನಿದ್ದರೆ ಹುಡುಗ ಬಚಾವಾಗುವುದಿಲ್ಲ, ಗೋದಾಮು ಬಚಾವಾಗುತ್ತದೆ. ನಾಳೆ ಇನ್ನಾರೋ ತೂಗುತ್ತಾರೆ, ಬೈಗಳು ಮತ್ತೆ ಇವನಿಗೇ. ದೂರು ಕೊಡಬೇಕು, ಆದರೆ ಇವನ ಮೇಲಲ್ಲ.

ಕಾಗದ ಬರೆದೆವು. ನಮ್ಮ ಮರಾಠಿ ಕಚೇರಿಯ ಗೇಟಿನಾಚೆ ಬಂದರೆ ಕುಂಟುತ್ತದೆ. ನಾವು ಕನ್ನಡದಲ್ಲಿ ಹೇಳುತ್ತ ಹೋದೆವು, ಇಲ್ಲಿಯ ಶಾಲೆಯಲ್ಲೇ ಓದಿದ ಮಗಳು ಮರಾಠಿಯಲ್ಲಿ ಬರೆಯುತ್ತ ಹೋದಳು. ಗ್ರಾಹಕ ಸಂಖ್ಯೆ, ಬಂದ ತಾರೀಖು, ಡಬ್ಬಿಯ ಮೇಲಿನ ನಂಬರು, ಇರಬೇಕಾದ ತೂಕ, ಇದ್ದ ತೂಕ. ಬೈಗುಳ ಒಂದೂ ಇಲ್ಲ. ಕೊನೆಗೆ ನಮ್ಮ ಬೇಡಿಕೆ: ಈ ಸಿಲಿಂಡರನ್ನು ಬದಲಿಸಿಕೊಡಬೇಕು, ಗೋದಾಮಿನಿಂದ ಹೊರಡುವ ಮೊದಲು ತೂಗಬೇಕು, ಹೊತ್ತು ತರುವವರಿಗೆ ತಕ್ಕಡಿ ಕೊಡಬೇಕು, ಕಡಿಮೆ ಬಂದದ್ದಕ್ಕೆ ಅವರ ಪಗಾರ ಹಿಡಿಯಬಾರದು. ಕೆಳಗೆ ‘ಪ್ರತಿ: ತೈಲ ಕಂಪನಿಯ ವಿಭಾಗ ಕಚೇರಿಗೆ, ವೈಧ ಮಾಪನಶಾಸ್ತ್ರ ಇಲಾಖೆಯ ನಿರೀಕ್ಷಕರಿಗೆ’ ಎಂದು ಎರಡು ಸಾಲು. ಒಳಗೆ ಕೂತವರನ್ನು ಎಬ್ಬಿಸುವುದು ಆ ಎರಡು ಸಾಲುಗಳೇ ಎಂಬುದು ನಮ್ಮ ಇಪ್ಪತ್ತು ವರ್ಷದ ಅನುಭವ.

ನಮ್ಮ ಸೊಸೈಟಿಯಲ್ಲಿ 24 ಮನೆ. ಸಹಿಗಾಗಿ ಬಾಗಿಲು ಬಡಿದಾಗ 11 ಮನೆಯವರು ಹಾಕಿದರು. ತೆಲುಗಿನವರು ಇಬ್ಬರು, ಕನ್ನಡದವರು ಮೂವರು, ಉಳಿದವರು ಇಲ್ಲಿಯವರೇ. ಕನ್ನಡದ ನಾಲ್ಕನೆಯ ಮನೆಯವರು, ‘ನಮಗೇನೂ ಕಡಿಮಿ ಬಂದಿಲ್ಲರಿ’ ಎಂದರು. ತೂಗಿದ್ದೀರಾ ಎಂದರೆ, ಇಲ್ಲ! ಎರಡನೆಯ ಮಹಡಿಯಲ್ಲಿ ಒಬ್ಬ ನಿವೃತ್ತ ಶಾಲಾಮಾಸ್ತರರು. ಮಕ್ಕಳೆಲ್ಲ ಆಜೋಬಾ ಎನ್ನುತ್ತಾರೆ, ನಾವೂ ಹಾಗೇ ಕರೆಯುತ್ತೇವೆ. ಅವರು ಮೊದಲ ಸಹಿ ಹಾಕಿದ್ದಲ್ಲದೆ ಏಜೆನ್ಸಿಗೆ ನಮ್ಮೊಡನೆ ಹೊರಟುಬಂದರು. ಕೌಂಟರಿನವನು ಕಾಗದದ ತಲೆಬರಹ ಓದಿ, ಇಟ್ಟು ಹೋಗಿ ಎಂದ. ಆಜೋಬಾ ಕದಲಲಿಲ್ಲ. ಊರುಗೋಲನ್ನು ಮೇಜಿಗೆ ಒರಗಿಸಿ, ನಮ್ಮ ಹತ್ತಿರವಿದ್ದ ಎರಡನೆಯ ಪ್ರತಿಯನ್ನು ಮುಂದೆ ಚಾಚಿ ‘ಶಿಕ್ಕಾ ಮಾರೂನ್ ದ್ಯಾ’ ಎಂದರು. ಮುದ್ರೆ ಬಿತ್ತು, ತಾರೀಖು ಬಿತ್ತು, ಸಹಿಯೂ ಬಿತ್ತು. ಮೂರನೆಯ ದಿನ ಬೇರೆ ಸಿಲಿಂಡರು ಬಂತು. ಹದಿನೈದು ದಿನಕ್ಕೆ ನಮ್ಮ ಓಣಿಗೆ ಬರುವ ಹುಡುಗರೆಲ್ಲರ ಗಾಡಿಯಲ್ಲಿ ಕೊಕ್ಕೆಯ ತಕ್ಕಡಿ ತೂಗಾಡತೊಡಗಿತು. ಆ ಒಂದೂವರೆ ಕಿಲೋ ಎಲ್ಲಿ ಹೋಯಿತೆಂದು ಮಾತ್ರ ಇಂದಿಗೂ ಯಾರೂ ಹೇಳಿಲ್ಲ. ಇಂಡಿಯ ಹುಡುಗ ಒಂದೆರಡು ತಿಂಗಳು ನಮ್ಮ ಕೂಡ ಮಾತಾಡಲಿಲ್ಲ. ಈಗ ಮಾತಾಡುತ್ತಾನೆ, ಪಗಾರ ಹಿಡಿಯಲಿಲ್ಲವೆಂದು ಅವನ ಬಾಯಿಂದಲೇ ಕೇಳಿ ನಮ್ಮ ಮನೆಯವರು ಸಮಾಧಾನಪಟ್ಟರು.

ಏಜೆನ್ಸಿಯಿಂದ ಮರಳುವಾಗ ಆಜೋಬಾ ಹೇಳಿದ ಹಳೆಯ ಕಥೆಯನ್ನು ಇಲ್ಲಿ ಹೇಳಲೇಬೇಕು. ಏಕೆಂದರೆ ಇದು ನಾವು ಬಂದು ನೆಲೆಸಿದ ಊರಿನದು, ಮತ್ತು ನಮ್ಮಲ್ಲಿ ಬಹಳ ಜನಕ್ಕೆ ತಿಳಿಯದ್ದು. 1972ರ ಬರಗಾಲ ಮಹಾರಾಷ್ಟ್ರವನ್ನು ಹಿಂಡಿತ್ತು. ಸಕ್ಕರೆ, ಸೀಮೆಎಣ್ಣೆ, ವನಸ್ಪತಿ ಎಲ್ಲದಕ್ಕೂ ಸಾಲು. 1973ರಲ್ಲಿ ಕಚ್ಚಾ ತೈಲದ ಬೆಲೆ ಹಾರಿದ ಮೇಲೆ ದೇಶದಲ್ಲಿ ಒಂದೇ ವರ್ಷಕ್ಕೆ ಸಾಮಾನಿನ ಬೆಲೆ ಕಾಲುಭಾಗದಷ್ಟು ಏರಿತು. ಮುಂಬೈಯಲ್ಲಿ ಮೃಣಾಲ್ ಗೋರೆ, ಅಹಿಲ್ಯಾ ರಾಂಗಣೇಕರ್ ಮೊದಲಾದವರ ಮುಂದಾಳುತನದಲ್ಲಿ ಹೆಂಗಸರು ಲಟ್ಟಣಿಗೆ ಹಿಡಿದು ಬೀದಿಗಿಳಿದರು. ಪುಣೆಯಲ್ಲಿ 1974ರಲ್ಲಿ ಬಿಂದುಮಾಧವ ಜೋಶಿಯವರು ಗ್ರಾಹಕ ಪಂಚಾಯತವನ್ನು ಕಟ್ಟಿದರು. ಗೋವಾ ಬಿಡುಗಡೆಯ ಹೋರಾಟದಲ್ಲಿ ಇದ್ದವರು ಅವರು. ಮರುವರ್ಷ, 1975ರಲ್ಲಿ, ಮುಂಬೈಯ ಗ್ರಾಹಕ ಪಂಚಾಯತವೂ ಶುರುವಾಯಿತು. ಅಕ್ಕಪಕ್ಕದ ಮನೆಯವರು ಒಂದು ಗುಂಪಾಗಿ ತಿಂಗಳ ಕಿರಾಣಿಯ ಪಟ್ಟಿ ಕೊಡುವುದು, ಒಟ್ಟಿಗೆ ತರಿಸಿ ತಾವೇ ಹಂಚಿಕೊಳ್ಳುವುದು ಅವರ ಕ್ರಮ. ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ 1844ರಲ್ಲಿ 28 ಜನ ಸೇರಿ ಕಲಬೆರಕೆಯಿಲ್ಲದ ಹಿಟ್ಟು, ಬೆಣ್ಣೆ, ಸಕ್ಕರೆ ಮಾರುವ ಅಂಗಡಿ ತೆರೆದದ್ದೂ ಇದೇ ದಾರಿಯಲ್ಲಿ. ಒಟ್ಟಿಗೆ ಸೇರಿ ಏಳುವ ವಿದ್ಯೆ ನಮ್ಮವರಿಗೇನು ಹೊಸದಲ್ಲ. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ತೆರೆದದ್ದು 1905ರಲ್ಲಿ.

ಪುಣೆಯವರು ಮುಖಕ್ಕೆ ಹೊಡೆದಂತೆ ಮಾತಾಡುತ್ತಾರೆಂಬುದು ಲೋಕಪ್ರಸಿದ್ಧ. ಅಂಗಡಿಯ ಬಾಗಿಲಿಗೆ ‘1ರಿಂದ 4 ಬಂದ್, ವಿನಾಕಾರಣ ಗಂಟೆ ಬಾರಿಸಬೇಡಿ’ ಎಂಬಂಥ ಪುಣೇರಿ ಪಾಟಿಗಳನ್ನು ನೋಡಿ ಊರಿನಿಂದ ಬಂದ ನೆಂಟರು ನಕ್ಕದ್ದುಂಟು. ಅಂಗಡಿಯವನಿಗೆ ಅಷ್ಟು ಸ್ಪಷ್ಟವಾಗಿ ಮಾತಾಡುವ ಹಕ್ಕಿರುವ ಊರಿನಲ್ಲಿ ಗಿರಾಕಿಯೂ ಅಷ್ಟೇ ಸ್ಪಷ್ಟವಾಗಿ ಮಾತಾಡಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇದು ನಮ್ಮ ಸ್ವಂತ ಅನುಭವ. ಅವರು ಸಿಡುಕುವುದು ಗೊಣಗುವವರ ಮೇಲೆ.

ಇಂದು ನಾವು ಪೊಟ್ಟಣ ತಿರುಗಿಸಿ ನೋಡುವ ಬೆಲೆ, ತೂಕ, ತಯಾರಿಸಿದ ತಿಂಗಳು ಇವೆಲ್ಲ ತಾವಾಗಿ ಅಚ್ಚಾದವಲ್ಲ. ತೂಕ ಅಳತೆಯ ಕಾನೂನು 1976ರಲ್ಲಿ ಬಂತು, ಪೊಟ್ಟಣದ ಸಾಮಾನಿನ ನಿಯಮ 1977ರಲ್ಲಿ. ಆಗಲೂ ಬೆಲೆಯ ಪಕ್ಕದಲ್ಲಿ ‘ಸ್ಥಳೀಯ ತೆರಿಗೆ ಪ್ರತ್ಯೇಕ’ ಎಂದು ಬರೆದು ಅಂಗಡಿಯವರು ತಮಗೆ ತೋಚಿದ ತೆರಿಗೆ ಹಾಕುತ್ತಿದ್ದದ್ದನ್ನು ಹಿರಿಯರು ನೆನಪಿಸಿಕೊಂಡಾರು. ಎಲ್ಲಾ ತೆರಿಗೆ ಸೇರಿದ ಗರಿಷ್ಠ ಬೆಲೆ ಅಚ್ಚಾಗಲೇಬೇಕೆಂದು ಆದದ್ದು 1990ರಲ್ಲಿ. ಒಂದೇ ಸಾಮಾನಿಗೆ ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು ಗರಿಷ್ಠ ಬೆಲೆ ಅಚ್ಚು ಹಾಕಬಾರದೆಂಬ ನಿಯಮ ಜಾರಿಗೆ ಬಂದದ್ದು 2018ರ ಜನವರಿ 1ರಿಂದ. (ಹೊಟೇಲಿನಲ್ಲಿ ಕೂತು ಕುಡಿಯುವ ನೀರಿನ ಬಾಟಲಿಯ ಲೆಕ್ಕ ಬೇರೆ, ಅಲ್ಲಿ ಅಚ್ಚಾದ ಬೆಲೆಗಿಂತ ಹೆಚ್ಚು ತೆಗೆದುಕೊಳ್ಳಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕೇಳುವ ಮೊದಲು ಇದನ್ನೂ ತಿಳಿದಿರುವುದು ಒಳ್ಳೆಯದು.) ಇದರಲ್ಲಿ ಬಹಳಷ್ಟು ಯಾರೋ ಬೇಸರಪಡದೆ ಅರ್ಜಿ ಬರೆದದ್ದರ, ಸಭೆ ನಡೆಸಿದ್ದರ ಫಲ. ಮುಂಬೈಯಲ್ಲಿ 1966ರಲ್ಲಿ ಗ್ರಾಹಕ ಮಾರ್ಗದರ್ಶನ ಸಂಘ ಕಟ್ಟಿದವರು ಒಂಬತ್ತು ಜನ ಹೆಂಗಸರು. ನಮ್ಮ ಕರಾವಳಿಯ ಬಸ್ರೂರಿನಲ್ಲಿ, ಮಣಿಪಾಲದಲ್ಲಿ ಔಷಧಶಾಸ್ತ್ರ ಕಲಿಸುತ್ತಿದ್ದ ಡಾ. ರವೀಂದ್ರನಾಥ ಶಾನಭಾಗರು 1980ರ ದಶಕದಲ್ಲಿ ಬಳಕೆದಾರರ ವೇದಿಕೆಯನ್ನು ನಡೆಸಿ, ಹಳ್ಳಿಯವರ ದೂರುಗಳನ್ನು ದೊಡ್ಡ ದೊಡ್ಡ ಬಾಗಿಲುಗಳಿಗೆ ಮುಟ್ಟಿಸಿದರು. ಅಮೆರಿಕದಲ್ಲಿ ರಾಲ್ಫ್ ನೇಡರ್ ಎಂಬ ತರುಣ ವಕೀಲ 1965ರಲ್ಲಿ ಕಾರುಗಳ ಅಪಾಯದ ಬಗ್ಗೆ ಪುಸ್ತಕ ಬರೆದಾಗ ಒಂದು ದೈತ್ಯ ಕಂಪನಿ ಅವನ ಹಿಂದೆ ಗೂಢಚಾರರನ್ನು ಬಿಟ್ಟಿತ್ತು. ಮರುವರ್ಷ ಅದರ ಅಧ್ಯಕ್ಷರೇ ಸೆನೆಟ್ ಸಮಿತಿಯ ಮುಂದೆ ಕ್ಷಮೆ ಕೇಳಬೇಕಾಯಿತು, ವಾಹನ ಸುರಕ್ಷತೆಯ ಕಾನೂನೂ ಬಂತು.

ನಮ್ಮ ದೇಶದ ಗ್ರಾಹಕ ಸಂರಕ್ಷಣಾ ಕಾನೂನಿಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1986ರ ಡಿಸೆಂಬರ್ 24ರಂದು. ಅದರ ಜಾಗದಲ್ಲಿ ಹೊಸದಾಗಿ ಮಾಡಿದ 2019ರ ಕಾನೂನು 2020ರ ಜುಲೈ 20ರಿಂದ ನಡೆಯುತ್ತಿದೆ. ಇದರಲ್ಲಿ ನಮ್ಮಂಥ ಪರಊರಿನವರಿಗೆಂದೇ ಬರೆದಂತಿರುವ ಒಂದು ಮಾತಿದೆ. ಹಿಂದೆ, ಮಾರಿದವನು ಇರುವ ಊರಿಗೆ ಅಥವಾ ವ್ಯವಹಾರ ನಡೆದ ಊರಿಗೆ ಹೋಗಿ ದೂರು ಕೊಡಬೇಕಿತ್ತು. ಈಗ ಗ್ರಾಹಕ ವಾಸವಾಗಿರುವ ಅಥವಾ ದುಡಿಯುವ ಊರಿನಲ್ಲೇ ಕೊಡಬಹುದು. ದೀಪಾವಳಿ ರಜೆಗೆ ಹುಬ್ಬಳ್ಳಿಗೆ ಹೋದಾಗ ಕೊಂಡ ಹೊಲಿಗೆ ಯಂತ್ರ ಪುಣೆಗೆ ಬಂದ ಮೇಲೆ ಕೆಟ್ಟರೆ, ಪುಣೆಯ ಜಿಲ್ಲಾ ಗ್ರಾಹಕ ಆಯೋಗದಲ್ಲೇ ಕೇಳಬಹುದು. ಸಾಮಾನಿಗೋ ಸೇವೆಗೋ ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರು ಬೇಕೇ ಬೇಕೆಂದಿಲ್ಲ. ತಕರಾರು ಹುಟ್ಟಿ ಎರಡು ವರ್ಷದೊಳಗೆ ಕೊಡಬೇಕು. ಅದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಫೋನು ಮಾಡಬಹುದು. ಹದಿನೇಳು ಭಾಷೆಗಳಲ್ಲಿ ಅದು ಉತ್ತರ ಕೊಡುತ್ತದೆ, ಅದರಲ್ಲಿ ಕನ್ನಡವೂ ಒಂದು. ಅಂದಮೇಲೆ ‘ಮರಾಠಿ ಬರೂದಿಲ್ಲರಿ’ ಎಂಬ ನೆವವೂ ಉಳಿಯಲಿಲ್ಲ.

ನಮ್ಮಂಥ ಸರ್ಕಾರಿ ನೌಕರರನ್ನೂ ಕಾನೂನು ಬಿಟ್ಟಿಲ್ಲ. ಲಖನೌ ಅಭಿವೃದ್ಧಿ ಪ್ರಾಧಿಕಾರ ಮನೆ ಕಟ್ಟಿ ಹೊತ್ತಿಗೆ ಸರಿಯಾಗಿ ಒಪ್ಪಿಸದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1993ರಲ್ಲಿ, ಸರ್ಕಾರಿ ಸಂಸ್ಥೆಯೂ ಗ್ರಾಹಕನಿಗೆ ಉತ್ತರ ಕೊಡಬೇಕು, ಅಲೆದಾಡಿಸಿದ ನೌಕರ ಯಾರೆಂದು ಗುರುತಿಸಿ ಪರಿಹಾರದ ಹಣವನ್ನು ಅವನ ಕೈಯಿಂದಲೇ ವಸೂಲು ಮಾಡಬೇಕು ಎಂದಿತು. ಸರ್ಕಾರದ ಖಜಾನೆಯಿಂದ ಕೊಟ್ಟರೆ ಅದು ಜನರದೇ ದುಡ್ಡಲ್ಲವೆ? ಆ ತೀರ್ಪಿನ ಸಾರವನ್ನು ದೊಡ್ಡಕ್ಷರದಲ್ಲಿ ಬರೆದು ಪ್ರತಿ ಕಚೇರಿಯಲ್ಲೂ ನಮ್ಮ ಕುರ್ಚಿಗಳ ಎದುರಿಗೆ ತೂಗುಹಾಕಬೇಕೆಂಬುದು ನಮ್ಮ ಆಸೆ. ಸಹೋದ್ಯೋಗಿಗಳಿಗೆ ಹೇಳಿದರೆ, ‘ಮೊದಲ ನಿನ್ನ ಕುರ್ಚಿ ಮುಂದ ಹಾಕ್ಕೋ’ ಎನ್ನುತ್ತಾರೆ. 1995ರಲ್ಲಿ ದುಡ್ಡು ತೆಗೆದುಕೊಳ್ಳುವ ವೈದ್ಯರೂ ಈ ಕಾನೂನಿನೊಳಗೆ ಬಂದರು. ವಕೀಲರು ಮಾತ್ರ 2024ರಲ್ಲಿ ಹೊರಗುಳಿದರು. ಕಾನೂನು ಓದಿದವರ ಮಾತೇ ಬೇರೆ.

ಇದನ್ನೆಲ್ಲ ಓದಿ ಯಾರಾದರೂ ನಾಳೆಯೇ ಆಯೋಗದ ಮೆಟ್ಟಿಲು ಹತ್ತಿದರೆ ನಾಡಿದ್ದು ತೀರ್ಪು ಸಿಗುತ್ತದೆಂದು ತಿಳಿಯಬಾರದು. ಮೂರು ತಿಂಗಳೆಂದು ಪುಸ್ತಕದಲ್ಲಿದೆ. ಮಥುರಾದ ಒಬ್ಬ ವಕೀಲರ ಕಥೆ ಪತ್ರಿಕೆಗಳಲ್ಲಿ ಬಂದಿತ್ತು. 1999ರ ಡಿಸೆಂಬರ್ 25ರಂದು ಮುರಾದಾಬಾದಿಗೆ ಎರಡು ರೈಲು ಟಿಕೆಟು ಕೊಂಡರು. 70 ರೂಪಾಯಿಯ ಬದಲು 90 ಹಿಡಿದರು. ಆ 20 ರೂಪಾಯಿಗಾಗಿ ನೂರಕ್ಕೂ ಹೆಚ್ಚು ಸಲ ವಿಚಾರಣೆಗೆ ಹಾಜರಾಗಿ 2022ರಲ್ಲಿ ಗೆದ್ದರು: ಬಡ್ಡಿ ಸಮೇತ 20 ರೂಪಾಯಿ, ಮೇಲೆ 15,000 ಪರಿಹಾರ. ಅವರ ಛಲಕ್ಕೆ ನಮ್ಮ ನಮಸ್ಕಾರ. ಆದರೆ ಇಪ್ಪತ್ತೆರಡು ವರ್ಷ! ಸ್ವತಃ ವಕೀಲರಾದ್ದರಿಂದ ತಡೆದುಕೊಂಡರು. ಹೊಟ್ಟೆಪಾಡಿಗೆ ಬಂದ ನಮ್ಮಂಥವರಿಗೆ ಅದು ಆಗುವ ಕೆಲಸವಲ್ಲ, ಆಗಬೇಕಾಗಿಯೂ ಇಲ್ಲ. ಆಯೋಗ ಕೊನೆಯ ಬಾಗಿಲು. ಅದರ ಮೊದಲು ಬಿಲ್ಲು ಕೇಳುವುದಿದೆ, ತೂಗಿ ನೋಡುವುದಿದೆ, ಒಂದು ಹಾಳೆ ಬರೆದು ಮುದ್ರೆ ಹಾಕಿಸಿಕೊಳ್ಳುವುದಿದೆ, ನೆರೆಮನೆಯವರ ಸಹಿ ಇದೆ. ನೂರರಲ್ಲಿ ಬಹುಪಾಲು ತಕರಾರು ಅಲ್ಲಿಯೇ ಮುಗಿಯುವಂಥವು. ಕೌಂಟರಿನ ಒಳಗಿನಿಂದ ನೋಡಿ ಹೇಳುತ್ತಿದ್ದೇವೆ.

ಕೇಳುವುದಕ್ಕೂ ಒಂದು ಮರ್ಯಾದೆ ಉಂಟೆಂಬುದನ್ನು ಸೇರಿಸಬೇಕು. ಫೋನು ಹಿಡಿದುಕೊಂಡು ಅಂಗಡಿಯ ಹುಡುಗನ ಮುಖಕ್ಕೆ ಚಿತ್ರ ಹಿಡಿಯುವುದು, ಅದನ್ನು ಊರಿಗೆಲ್ಲ ಹಂಚುವುದು ಇತ್ತೀಚಿನ ಚಾಳಿ. ಹತ್ತು ಸಾವಿರ ಪಗಾರದ ಆ ಹುಡುಗ ಬೆಲೆ ಕಟ್ಟಿದವನಲ್ಲ. ಹಾಗೆಯೇ ಪೆಟ್ರೋಲ್ ಪಂಪಿನಲ್ಲಿ ಅನುಮಾನ ಬಂದರೆ ಹುಡುಗನ ಮೇಲೆ ರೇಗುವ ಬದಲು 5 ಲೀಟರಿನ ಮುದ್ರೆಯ ಅಳತೆ ಪಾತ್ರೆ ತರಿಸಿ ಎಂದು ಮ್ಯಾನೇಜರನಿಗೆ ಹೇಳಬೇಕು. ಪ್ರತಿ ಪಂಪಿನಲ್ಲೂ ಅದು ಇರಬೇಕು. ನಾವು ಒಮ್ಮೆ ಕೇಳಿದಾಗ ಅದು ಧೂಳು ಹಿಡಿದು ಕಪಾಟಿನ ಮೇಲಿತ್ತು. ತೆಗೆದು ಒರೆಸಿ ಅಳೆದು ತೋರಿಸಿದರು, ಅಳತೆ ಸರಿಯಾಗಿತ್ತು. ಧನ್ಯವಾದ ಹೇಳಿ ಬಂದೆವು. ಅಳತೆ ಸರಿಯಿದ್ದ ದಿನ ಹಾಗೆಂದು ಹೇಳುವುದೂ ಕೇಳುವವನ ಕೆಲಸವೇ. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ, ಕಬ್ಬಿಣದ ತೂಕದ ಕಲ್ಲುಗಳಿಗೆ ಎರಡು ವರ್ಷಕ್ಕೊಮ್ಮೆ ಇಲಾಖೆಯ ಮುದ್ರೆ ಬೀಳಬೇಕು; ಮುದ್ರೆ ಹಾಕಿಸಿದ ಅಂಗಡಿಯವರು ಪ್ರಮಾಣಪತ್ರವನ್ನು ಖುಷಿಯಿಂದಲೇ ತೋರಿಸುತ್ತಾರೆ.

ನಮ್ಮ ಸಂಘದ ಕಾರ್ಯಕಾರಿ ಸಮಿತಿಯವರಲ್ಲಿ ಒಂದು ಸೂಚನೆ. ಯುಗಾದಿ, ರಾಜ್ಯೋತ್ಸವ, ನಾಟಕ, ಹಳದಿ ಕುಂಕುಮ ಎಲ್ಲವೂ ಆಗಲಿ. ಅದರ ಜೊತೆಗೆ ತಿಂಗಳಿಗೊಂದು ಭಾನುವಾರ ವಾಚನಾಲಯದಲ್ಲಿ ಎರಡು ತಾಸು, ನಾಲ್ಕು ಕುರ್ಚಿ, ಒಂದು ಮೇಜು. ಮರಾಠಿ ಚೆನ್ನಾಗಿ ಬರೆಯಬಲ್ಲ ನಮ್ಮ ಕಾಲೇಜು ಮಕ್ಕಳು ಇಬ್ಬರು, ನಮ್ಮಂಥ ಒಬ್ಬಿಬ್ಬರು ಗುಮಾಸ್ತರು, ಸಿಕ್ಕರೆ ಒಬ್ಬ ವಕೀಲರು. ಗಾರೆ ಕೆಲಸಕ್ಕೆ ಬಂದ ಕಲಬುರಗಿಯ ಕಡೆಯ ಕುಟುಂಬಗಳು ಸಂಘದ ಸದಸ್ಯರಲ್ಲದಿದ್ದರೂ ಅವರಿಗೂ ಬಾಗಿಲು ತೆರೆದಿರಲಿ. ಮೋಸ ಹೆಚ್ಚು ಆಗುವುದು ಅವರಿಗೇ, ಬರೆಯಲು ಬಾರದವರೂ ಅವರೇ. ಒಂದು ಕೊಕ್ಕೆಯ ತಕ್ಕಡಿಯನ್ನು ಸಂಘದ ಲೆಕ್ಕದಲ್ಲಿ ಕೊಂಡಿಟ್ಟರೆ, ಬೇಕಾದವರು ರಜಿಸ್ಟರಿನಲ್ಲಿ ಸಹಿ ಹಾಕಿ ಒಯ್ದು ಮರುದಿನ ತಂದಿಡಬಹುದು. ಸಮಿತಿ ಒಪ್ಪಿದರೆ ಮೊದಲ ಭಾನುವಾರ ನಾವಿಬ್ಬರೂ ಬರುತ್ತೇವೆ, ಮಗಳನ್ನೂ ಕರೆತರುತ್ತೇವೆ. ಆಜೋಬಾ ತಾವೂ ಬರುವುದಾಗಿ ಹೇಳಿದ್ದಾರೆ. ಕನ್ನಡ ಅವರಿಗೆ ಬಾರದು, ಆದರೆ ಮುದ್ರೆ ಎಲ್ಲಿ ಬೀಳಬೇಕೆಂಬುದು ಗೊತ್ತು. ಬರುವವರು ಬಿಲ್ಲು ತರುವುದನ್ನು ಮರೆಯಬಾರದು. ಇಲ್ಲದಿದ್ದರೆ ಕೊಂಡ ದಿನ, ಅಂಗಡಿಯ ಹೆಸರು, ಕೊಟ್ಟ ಹಣ ಇಷ್ಟನ್ನಾದರೂ ಒಂದು ಚೀಟಿಯಲ್ಲಿ ಬರೆದು ತರಬೇಕು.